ಪಗಾರಕ್ಕೆ ಮಾತ್ರ ಮಿತಿಯೇ?



"ಲೀಗು ಇನ್ನೂ ಎಳೆಯದು. ಆಟಗಾರರ ಸಂಬಳಕ್ಕೆ ಮಿತಿ ಹಾಕದಿದ್ದರೆ ಅದು ಬದುಕಿ ಬೆಳೆಯುವುದಿಲ್ಲ." ವೃತ್ತಿಪರ ಫುಟ್‌ಬಾಲಿನ ಯಾವ ಹೊಸ ಲೀಗಿನ ಸುದ್ದಿ ಬಂದರೂ ಈ ಮಾತು ಅದರ ಬೆನ್ನಿಗೇ ಬರುತ್ತದೆ. ತಂಡದ ಒಡೆಯರು ಹೇಳುತ್ತಾರೆ. ಪತ್ರಿಕೆಗಳ ಆಟದ ಪುಟ ಅದನ್ನೇ ಅಚ್ಚು ಹಾಕುತ್ತದೆ. ಕಡೆಗೆ ನಮ್ಮವರೇ ಚಹಾ ಕುಡಿಯುತ್ತ "ಹೌದಲ್ಲ, ನ್ಯಾಯವಾದ ಮಾತು" ಎಂದು ತಲೆದೂಗುತ್ತಾರೆ. ನ್ಯಾಯವೋ ಅಲ್ಲವೋ, ಲೆಕ್ಕ ಹಿಡಿದು ನೋಡಿಬಿಡೋಣ.

ಹೋಟೆಲು, ಮಿಲ್ಲು ಕಾರ್ಮಿಕರ ಪತ್ರಿಕೆಗೆ ಫುಟ್‌ಬಾಲಿನ ಗೊಡವೆ ಏಕೆಂದು ಕೇಳುವವರಿರಬಹುದು. ಕಾರಣ ಎರಡು. ಮೊದಲನೆಯದಾಗಿ, ಈ ಆಟ ನಮ್ಮದು. ಮುಂಬಯಿಯ ಮಿಲ್ಲುಗಳು ತಂಡ ಕಟ್ಟಿ ಆಡಿಸಿದ ಆಟ ಇದು. ಮಫತ್‌ಲಾಲ್ ತಂಡದ ಹೆಸರು ಹಳಬರಿಗೆ ಇನ್ನೂ ನೆನಪಿದೆ. ಇದೇ ಮುಂಬಯಿಯ ರೋವರ್ಸ್ ಕಪ್ಪು ವರ್ಷಾನುಗಟ್ಟಲೆ ಗೋರಾ ಪಲ್ಟನ್ನುಗಳ ಸೊತ್ತಾಗಿದ್ದಾಗ, 1937ರಲ್ಲಿ ಅದನ್ನು ಗೆದ್ದ ಮೊದಲ ಭಾರತೀಯ ತಂಡ ಬೆಂಗಳೂರು ಮುಸ್ಲಿಮ್ಸ್. ಎರಡನೆಯದಾಗಿ, ಆ ಮಾತು ನಮ್ಮ ಕಿವಿಗೆ ಹೊಸದಲ್ಲ. "ಹೋಟೆಲು ಈಗ ತಾನೇ ಹಾಕಿದ್ದು, ಹಾಕಿದ ಬಂಡವಾಳ ಇನ್ನೂ ಕೈಗೆ ಬಂದಿಲ್ಲ, ಸ್ವಲ್ಪ ತಾಳು ಮಾರಾಯ" ಎಂಬುದನ್ನು ಕೇಳದ ಮಾಣಿ ಯಾವನಿದ್ದಾನೆ? ತಾಳಿದೆವು. ಅದೇ ಗಲ್ಲಾದ ದುಡ್ಡಿನಿಂದ ಧಣಿಗಳ ಎರಡನೇ ಹೋಟೆಲು ಎದ್ದಿತು. ಆಗ ಕೇಳಿದರೆ "ಈ ಹೋಟೆಲು ಹೊಸದಲ್ಲವೇ" ಎಂಬ ಅದೇ ಉತ್ತರ ಸಿಕ್ಕಿತು.

ಎದುರು ಪಕ್ಷದ ವಾದವನ್ನು ಮೊದಲು ಸರಿಯಾಗಿಯೇ ಹೇಳೋಣ. ಅದರಲ್ಲಿ ಹುರುಳಿಲ್ಲವೆಂದು ನಾವು ಹೇಳುವುದಿಲ್ಲ.

ಅಮೆರಿಕದಲ್ಲಿ 1968ರಲ್ಲಿ ನಾರ್ತ್ ಅಮೆರಿಕನ್ ಸಾಕರ್ ಲೀಗು ಎಂಬುದು ಹುಟ್ಟಿತು. ನ್ಯೂಯಾರ್ಕಿನ ಕಾಸ್ಮಾಸ್ ತಂಡ 1975ರಲ್ಲಿ ಪೆಲೆಯನ್ನು ಕರೆತಂದಿತು. ಇದೇ ಕಾಸ್ಮಾಸ್ 1977ರಲ್ಲಿ ಕಲ್ಕತ್ತೆಯ ಈಡನ್ ಗಾರ್ಡನ್ಸಿಗೆ ಬಂದು ಮೋಹನ್ ಬಗಾನಿನೊಡನೆ ಎರಡು-ಎರಡು ಗೋಲಿನ ಸಮ ಮಾಡಿಕೊಂಡು ಹೋದುದು ನಮ್ಮ ಹಿರಿಯರಿಗೆ ನೆನಪಿರಬೇಕು. ಕಾಸ್ಮಾಸಿನ ಸರಿಸಮ ಆಗಬೇಕೆಂದು ಉಳಿದ ತಂಡಗಳೂ ಕೈಮೀರಿ ಖರ್ಚು ಮಾಡಿದವು. 1984ರ ಆಟ ಮುಗಿಯುವ ಹೊತ್ತಿಗೆ ಉಳಿದುದು ಒಂಬತ್ತೇ ತಂಡ. ಮರುವರ್ಷ ಲೀಗೇ ಮುಚ್ಚಿತು. ಇದರಿಂದ ಒಡೆಯರು ಕಲಿತ ಪಾಠ: ಸಂಬಳಕ್ಕೆ ಮೂಗುದಾರ ಹಾಕಬೇಕು.

ನಾವು ಕೇಳುವುದೇನೆಂದರೆ, ಆ ಲೀಗು ಸತ್ತದ್ದು ಸಂಬಳದಿಂದಲೇ ಏನು? 1977ರಲ್ಲಿ ಅಲ್ಲಿ 18 ತಂಡಗಳಿದ್ದವು. 1978ರಲ್ಲಿ 24 ಆದವು. ಒಂದೇ ವರ್ಷದಲ್ಲಿ ಆರು ತಂಡ ಹೆಚ್ಚಿತು. ಹೊಸ ಮಾಲೀಕನ ಪ್ರವೇಶಧನವನ್ನೇ ಬೆಳವಣಿಗೆ ಎಂದು ಎಣಿಸಿದರು. ಆ ಊರಿನಲ್ಲಿ ಆಟ ನೋಡುವ ಜನ ಇದ್ದಾರೆಯೇ, ಬಂದ ಮಾಲೀಕ ಐದು ವರ್ಷ ನಿಲ್ಲುವವನೇ ಎಂದು ವಿಚಾರಿಸಲಿಲ್ಲ. 1980ರ ನಂತರ ದೊಡ್ಡ ಟೆಲಿವಿಷನ್ ಕಂಪನಿಯೂ ಕೈಬಿಟ್ಟಿತು. ಸಂಬಳ ಏರಿತು, ನಿಜ. ಏರಿಸಿದವರು ಯಾರು? ಒಬ್ಬರ ಮೇಲೊಬ್ಬರು ಹರಾಜು ಕೂಗಿದ ಮಾಲೀಕರೇ. ಅಂಗಡಿಯನ್ನು ಅಳತೆಮೀರಿ ಹಿಗ್ಗಿಸಿ ದಿವಾಳಿ ಎದ್ದವರು ಒಡೆಯರು. ಆ ತಪ್ಪಿಗೆ ದಂಡ ತೆರಬೇಕಾದವನು ಮುಂದಿನ ತಲೆಮಾರಿನ ಆಟಗಾರ. ಇದು ಯಾವ ಪಂಚಾಯ್ತಿಯ ನ್ಯಾಯ?

1996ರಲ್ಲಿ ಅಲ್ಲಿಯೇ ಮೇಜರ್ ಲೀಗ್ ಸಾಕರ್ ಎಂಬ ಹೊಸ ಲೀಗು ಹತ್ತು ತಂಡಗಳೊಡನೆ ಮೊದಲಾಯಿತು. ಅದರ ಕಟ್ಟಡವೇ ಬೇರೆ. ಆಟಗಾರ ಕರಾರು ಮಾಡಿಕೊಳ್ಳುವುದು ತಂಡದೊಡನೆ ಅಲ್ಲ, ಲೀಗಿನೊಡನೆ. ಒಂದು ಬೀದಿಯ ಹತ್ತು ಹೋಟೆಲಿನವರು ಸೇರಿ "ಅಡಿಗೆಯವನು ಯಾವ ಹೋಟೆಲಿಗೆ ಹೋದರೂ ಸಂಬಳ ಗೊತ್ತುಮಾಡುವವರು ನಾವು ಹತ್ತು ಜನವೂ ಕೂಡಿಯೇ" ಎಂದು ಕರಾರು ಮಾಡಿಕೊಂಡರೆ ಹೇಗೋ ಹಾಗೆ. ಈ ಹೋಟೆಲಿನಲ್ಲಿ ಸರಿಬೀಳದಿದ್ದರೆ ಎದುರು ಹೋಟೆಲಿಗೆ ಹೋಗುತ್ತೇನೆ ಎನ್ನುವ ಒಂದೇ ಒಂದು ಬಲ ಬಡವನಿಗಿರುತ್ತದೆ. ಅದನ್ನೂ ಕಸಿದುಕೊಂಡ ಏರ್ಪಾಡು ಇದು. 1997ರಲ್ಲಿ ಆಟಗಾರರು ಕೋರ್ಟಿಗೆ ಹೋದರು. 2000ದಲ್ಲಿ ಜೂರಿ ಅವರ ವಿರುದ್ಧ ಹೇಳಿತು. 2002ರಲ್ಲಿ ಅಪೀಲಿನಲ್ಲಿಯೂ ಸೋತರು. ಅದೇ 2002ರಲ್ಲಿ ಫ್ಲಾರಿಡಾದ ಎರಡು ತಂಡಗಳನ್ನು ಮುಚ್ಚಿದರು. ಉಳಿದ ಹತ್ತು ತಂಡಗಳಲ್ಲಿ ಆರನ್ನು ಒಬ್ಬನೇ ಧನಿಕ ಸಾಕುತ್ತಿದ್ದ. ಅಂಥ ಹೊತ್ತಿನಲ್ಲಿ ಸಂಬಳದ ಮಿತಿ ಇದ್ದುದರಿಂದಲೇ ಲೀಗು ಉಸಿರು ಹಿಡಿದುಕೊಂಡಿತು ಎಂದು ಯಾರಾದರೂ ಹೇಳಿದರೆ ನಾವು ಜಗಳಕ್ಕೆ ಹೋಗುವುದಿಲ್ಲ. ಕಷ್ಟಕಾಲದಲ್ಲಿ ಅರ್ಧ ಹೊಟ್ಟೆ ಉಂಡು ದುಡಿಯುವುದು ಕೆಲಸಗಾರನಿಗೆ ಗೊತ್ತಿದೆ.

ಆದರೆ ಕಷ್ಟಕಾಲ ಕಳೆದ ಮೇಲೆ ಏನಾಯಿತು? ಲೆಕ್ಕ ನೋಡಿ.

2007ರಲ್ಲಿ ಟೊರಾಂಟೊ ತಂಡ ಈ ಲೀಗಿಗೆ ಸೇರುವಾಗ ತೆತ್ತ ಪ್ರವೇಶಧನ 1 ಕೋಟಿ ಡಾಲರು. 2023ರಲ್ಲಿ ಸ್ಯಾನ್ ಡಿಯಾಗೊ ತಂಡಕ್ಕೆ ಗೊತ್ತಾದ ಪ್ರವೇಶಧನ 50 ಕೋಟಿ ಡಾಲರು. ಐವತ್ತು ಪಟ್ಟು! 2007ರಲ್ಲಿ ಒಂದು ತಂಡದ ಸಂಬಳದ ಮಿತಿ 21 ಲಕ್ಷ ಡಾಲರು. 2025ರಲ್ಲಿ 59 ಲಕ್ಷ 50 ಸಾವಿರ. ಮೂರು ಪಟ್ಟೂ ಇಲ್ಲ. ಮಿತಿಯ ಆಚೆಗೆ ಖರ್ಚು ಮಾಡಲು "ಹಂಚಿಕೆ ಹಣ" ಎಂಬ ಬೇರೊಂದು ತಿಜೋರಿ ಇದೆಯೆಂದು ಅವರು ಹೇಳಬಹುದು. ಇದೆ, ಅದನ್ನು ಕೂಡಿಸಿದರೂ ಐವತ್ತು ಪಟ್ಟಿನ ಹತ್ತಿರ ಸುಳಿಯುವುದಿಲ್ಲ.

ಇನ್ನು ಮಿತಿ ಎಲ್ಲರಿಗೂ ಒಂದೇ ಏನು? ಅದೂ ಇಲ್ಲ. 2007ರಲ್ಲಿ ಡೇವಿಡ್ ಬೆಕಮ್ ಬಂದಾಗ ಆತನಿಗಾಗಿಯೇ ಒಂದು ಹಿಂಬಾಗಿಲು ತೆರೆದರು. ಆತನ ವರ್ಷದ ಸಂಬಳ 65 ಲಕ್ಷ ಡಾಲರು. ಮಿತಿಯ ಪುಸ್ತಕದಲ್ಲಿ ಬರೆದದ್ದು 4 ಲಕ್ಷ ಮಾತ್ರ. ಅದೇ ಕಾಲದಲ್ಲಿ ಅದೇ ಲೀಗಿನ ಕೆಳಗಿನ ತರಗತಿಯ ಹುಡುಗರಿಗೆ ವರ್ಷಕ್ಕೆ 13 ಸಾವಿರ ಡಾಲರಿಗೂ ಕಡಮೆ. ಅಮೆರಿಕದ ಊರುಗಳಲ್ಲಿ ಅದು ಕೋಣೆ ಬಾಡಿಗೆಗೂ ಸಾಲದ ಮೊತ್ತ. ಬೆಕಮನಿಗೆ ಇನ್ನೊಂದು ವರವೂ ಸಿಕ್ಕಿತ್ತು: ಮುಂದೆ ಎರಡೂವರೆ ಕೋಟಿ ಡಾಲರಿಗೆ ಒಂದು ತಂಡ ಕೊಳ್ಳುವ ಹಕ್ಕು. ಆ ಹಕ್ಕಿನಿಂದ ಹುಟ್ಟಿದ ಮಯಾಮಿ ತಂಡ 2020ರಲ್ಲಿ ಆಟಕ್ಕಿಳಿಯಿತು. 2023ರಲ್ಲಿ ಅಲ್ಲಿಗೆ ಮೆಸ್ಸಿ ಬಂದ. 2024ರಲ್ಲಿ ಮೆಸ್ಸಿಯೊಬ್ಬನ ಖಾತ್ರಿ ಸಂಬಳ 2 ಕೋಟಿ 4 ಲಕ್ಷ ಡಾಲರು. ಇಡೀ ತಂಡದ ಮಿತಿ 54 ಲಕ್ಷ 70 ಸಾವಿರ. ಒಬ್ಬನ ಸಂಬಳ ಇಡೀ ತಂಡದ ಮಿತಿಯ ಮೂರೂವರೆ ಪಟ್ಟಿಗೂ ಮಿಕ್ಕಿದ್ದು! ಮೆಸ್ಸಿಯ ಆಟಕ್ಕೆ ಅಷ್ಟು ಬೆಲೆ ಉಂಟೋ ಇಲ್ಲವೋ, ಅದು ಬೇರೆ ಮಾತು. ನಕ್ಷತ್ರಕ್ಕೆ ಬೇಕಾದಾಗ ಮಿತಿ ಬಾಗುತ್ತದೆ, ಹಿಂದಿನ ಸಾಲಿನಲ್ಲಿ ಓಡಿ ಓಡಿ ಮೊಣಕಾಲು ಸವೆಸುವವನಿಗೆ ಮಾತ್ರ ಅದು ಕಬ್ಬಿಣದ ಸಲಾಕೆ ಎಂಬುದನ್ನು ನೀವು ಗಮನಿಸಬೇಕು.

"ಲೀಗು ಈಗಲೂ ನಷ್ಟದಲ್ಲಿದೆ" ಎಂಬುದು ಅವರ ಮುಂದಿನ ಮಾತು. 2014ರ ಕೊನೆಯಲ್ಲಿ ಲೀಗಿನ ಕಮಿಷನರ್ ಡಾನ್ ಗಾರ್ಬರ್, ವರ್ಷಕ್ಕೆ 10 ಕೋಟಿ ಡಾಲರಿಗೂ ಹೆಚ್ಚು ಕಳೆದುಕೊಳ್ಳುತ್ತಿದ್ದೇವೆ ಎಂದು ಸಾರಿದರು. ಆಟಗಾರರ ಸಂಘದೊಡನೆ ಹೊಸ ಒಪ್ಪಂದದ ಮಾತುಕತೆ ನಡೆಯುವ ಹೊತ್ತು ಅದು. ಅದಕ್ಕೆ ಹಿಂದಿನ ವರ್ಷ, 2013ರಲ್ಲಿ, ನ್ಯೂಯಾರ್ಕಿನ ಎರಡನೇ ತಂಡಕ್ಕಾಗಿ ಹೊಸ ಮಾಲೀಕರು ಒಪ್ಪಿದ ಪ್ರವೇಶಧನ 10 ಕೋಟಿ ಡಾಲರು. ಮುಳುಗುವ ಹಡಗಿನಲ್ಲಿ ಜಾಗ ಹಿಡಿಯಲು ಇಷ್ಟು ದುಡ್ಡು ಕೊಡುವ ಹುಚ್ಚರು ಯಾರು? ವರ್ಷದ ಜಮಾಖರ್ಚಿನಲ್ಲಿ ನಷ್ಟ ತೋರಿಸುತ್ತಾರೆ. ಆಸ್ತಿಯ ಬೆಲೆಯಲ್ಲಿ ಲಾಭ ಏರುತ್ತಿರುತ್ತದೆ. ಗಿರಣಗಾವಿನ ನಮ್ಮ ಮಿಲ್ಲು ಬಂಧುಗಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. 1982ರ ಮುಷ್ಕರದ ಕಾಲದಲ್ಲಿ "ಮಿಲ್ಲುಗಳಿಗೆ ಶಕ್ತಿಯಿಲ್ಲ" ಎಂದು ಕೇಳಿದ್ದೆವು. ಸಾಂಚೆಗಳು ನಿಂತ ಮೇಲೆ ಅದೇ ಮಿಲ್ಲಿನ ನೆಲ ಏನು ಬೆಲೆಗೆ ಹೋಯಿತು, ಅದರ ಮೇಲೆ ಎಂಥ ಗೋಪುರಗಳು ಎದ್ದವು ಎಂಬುದನ್ನು ಪರೇಲಿನಲ್ಲಿ ನಿಂತು ತಲೆಯೆತ್ತಿ ನೋಡಬಹುದು. ಮಿಲ್ಲಿನ ಲೆಕ್ಕದಲ್ಲಿ ನೆಲದ ಬೆಲೆಯನ್ನು ಕಾರ್ಮಿಕನಿಗೆ ತೋರಿಸಿದವರಿಲ್ಲ. ಲೀಗಿನ ಲೆಕ್ಕದಲ್ಲಿ ತಂಡದ ಬೆಲೆಯನ್ನು ಆಟಗಾರನಿಗೆ ತೋರಿಸುವವರಿಲ್ಲ.

ಆ ಅಮೆರಿಕದ ಹುಡುಗರ ಸ್ಥಿತಿ ಸ್ವಲ್ಪವಾದರೂ ಸುಧಾರಿಸಿತು. ಯಾರ ಕೃಪೆಯಿಂದ? 2003ರಲ್ಲಿ ಅವರು ಸಂಘ ಕಟ್ಟಿಕೊಂಡರು. 2004ರಲ್ಲಿ ಮೊದಲ ಸಾಮೂಹಿಕ ಒಪ್ಪಂದವಾಯಿತು. 2010ರಲ್ಲಿ ಮುಷ್ಕರದ ಹೊಸ್ತಿಲವರೆಗೆ ಹೋದರು. ಕನಿಷ್ಠ ಸಂಬಳ 40 ಸಾವಿರ ಡಾಲರಿಗೆ ಬಂತು. 2015ರಲ್ಲಿ ಆಟ ಮೊದಲಾಗುವ ಮುನ್ನಾದಿನಗಳವರೆಗೂ ಬಿಗಿ ಹಿಡಿದು ನಿಂತರು. ಅದು 60 ಸಾವಿರಕ್ಕೆ ಏರಿತು, ಹಳೆಯ ಆಟಗಾರರಿಗೆ ತಮ್ಮ ತಂಡ ತಾವೇ ಆರಿಸಿಕೊಳ್ಳುವ ಸ್ವಾತಂತ್ರ್ಯವೂ ಒಂದಿಷ್ಟು ಸಿಕ್ಕಿತು. ಲೀಗು ಬೆಳೆದುದಕ್ಕೆ ಸಂಬಳ ತಾನಾಗಿ ಬೆಳೆಯಲಿಲ್ಲ. ಸಂಘ ನಿಂತ ಕಡೆ ಬೆಳೆಯಿತು.

ಇನ್ನು "ಎಳೆಯ ಲೀಗು" ಎಂಬ ನೆಪ ಎಷ್ಟು ವರ್ಷ ನಡೆಯುತ್ತದೆ? ಇಂಗ್ಲೆಂಡಿನ ಚರಿತ್ರೆ ಹೇಳುತ್ತದೆ. ಅಲ್ಲಿನ ಫುಟ್‌ಬಾಲ್ ಲೀಗು ಹುಟ್ಟಿದ್ದು 1888ರಲ್ಲಿ. 1901ರಲ್ಲಿ ಆಟಗಾರನ ಸಂಬಳ ವಾರಕ್ಕೆ 4 ಪೌಂಡು ಮೀರಕೂಡದೆಂದು ಕಟ್ಟಳೆ ಹಾಕಿದರು. ಮಹಾಯುದ್ಧ ಮುಗಿದ ಮೇಲೆ, 1948-49ರ ಸಾಲಿನಲ್ಲಿ, ಟಿಕೀಟು ಕೊಂಡು ಒಳಹೊಕ್ಕ ಪ್ರೇಕ್ಷಕರು 4 ಕೋಟಿ 10 ಲಕ್ಷಕ್ಕೂ ಮಿಕ್ಕಿ; ಆಗ ಆಟಗಾರನ ಮಿತಿ ವಾರಕ್ಕೆ 12 ಪೌಂಡು. ಗೇಟಿನ ದುಡ್ಡು ಯಾರ ಜೇಬಿಗೆ ಹೋಯಿತೆಂದು ಹೇಳಬೇಕೇ? 1960ರಲ್ಲಿಯೂ ಮಿತಿ 20 ಪೌಂಡಿನಲ್ಲೇ ನಿಂತಿತ್ತು. ಜಿಮ್ಮಿ ಹಿಲ್ ಅಧ್ಯಕ್ಷನಾಗಿದ್ದ ಆಟಗಾರರ ಸಂಘ ಮುಷ್ಕರದ ನೋಟೀಸು ಕೊಟ್ಟಿತು. 1961ರ ಜನವರಿಯಲ್ಲಿ ಮಿತಿ ಬಿದ್ದುಹೋಯಿತು. ಎಪ್ಪತ್ತಮೂರು ವರ್ಷದ ಲೀಗಿಗೂ ಅದುವರೆಗೆ ಮಿತಿ ಬೇಕಾಗಿತ್ತು! ಫುಲ್‌ಹ್ಯಾಮ್ ತಂಡದ ಜಾನಿ ಹೇನ್ಸನಿಗೆ ವಾರಕ್ಕೆ 100 ಪೌಂಡು ಸಿಕ್ಕಿತು. ಕ್ಲಬ್ಬುಗಳೆಲ್ಲ ನಾಶವಾಗುತ್ತವೆಂದು ಗೋಳಾಡಿದವರಿದ್ದರು. ಲೀಗು ಇವತ್ತಿಗೂ ನಡೆಯುತ್ತಿದೆ. ಕರಾರು ಮುಗಿದರೂ ಆಟಗಾರನನ್ನು ಬಿಡದೆ ಕಟ್ಟಿಹಾಕುವ ಪದ್ಧತಿಯನ್ನು ಜಾರ್ಜ್ ಈಸ್ಟ್‌ಹ್ಯಾಮನ ಮೊಕದ್ದಮೆಯಲ್ಲಿ 1963ರಲ್ಲಿ ಹೈಕೋರ್ಟು ಅನ್ಯಾಯವೆಂದು ತೀರ್ಮಾನಿಸಿತು.

ಈಗ ನಮ್ಮ ಮನೆಗೆ ಬರೋಣ. 2010ರಲ್ಲಿ ಭಾರತದ ಫುಟ್‌ಬಾಲ್ ಫೆಡರೇಶನ್ನು ಹದಿನೈದು ವರ್ಷಗಳ ವಾಣಿಜ್ಯ ಹಕ್ಕನ್ನು 700 ಕೋಟಿ ರೂಪಾಯಿಗೆ ಬಂಡವಾಳಗಾರರಿಗೆ ಬರೆದುಕೊಟ್ಟಿತು. 2014ರಲ್ಲಿ ಎಂಟು ತಂಡಗಳ ಇಂಡಿಯನ್ ಸೂಪರ್ ಲೀಗು ಮೊದಲಾಯಿತು. ಇಲ್ಲಿಯೂ ಸಂಬಳಕ್ಕೆ ಮಿತಿ ಬಂತು. 2020ರ ಸುಮಾರಿಗೆ ಅದು ತಂಡವೊಂದಕ್ಕೆ ಹದಿನಾರೂವರೆ ಕೋಟಿ ರೂಪಾಯಿ. ಮಿತಿ ಹಾಕಿದರೆ ಲೀಗು ಗಟ್ಟಿಯಾಗಿ ನಿಲ್ಲುತ್ತದೆ ಎಂಬುದು ನಿಜವಾಗಿದ್ದರೆ ಇಷ್ಟು ಹೊತ್ತಿಗೆ ನಮ್ಮ ಲೀಗು ಬಂಡೆಯಂತೆ ನಿಂತಿರಬೇಕಾಗಿತ್ತು.

ಆದದ್ದೇನು? 2019ರಲ್ಲಿ ಪುಣೆಯ ತಂಡ ಮುಚ್ಚಿತು. ಅದೇ ವರ್ಷ ದಿಲ್ಲಿಯ ತಂಡವನ್ನು ಎತ್ತಿ ಭುವನೇಶ್ವರಕ್ಕೆ ಒಯ್ದರು. ಪುಣೆಯ ಜಾಗಕ್ಕೆ ಬಂದ ಹೈದರಾಬಾದಿನ ತಂಡ 2022ರಲ್ಲಿ ಕಪ್ಪು ಗೆದ್ದಿತು. ಎರಡು ವರ್ಷ ತುಂಬುವುದರೊಳಗೆ ಆಟಗಾರರ ಬಾಕಿ ಸಂಬಳದ ದೂರು ಫಿಫಾದವರೆಗೆ ಹೋಯಿತು. 2025ರಲ್ಲಿ ಆ ತಂಡವೂ ಊರು ಬಿಟ್ಟು ದಿಲ್ಲಿಗೆ ಹೋಯಿತು. ಹದಿನೈದು ವರ್ಷದ ಕರಾರು 2025ರ ಡಿಸೆಂಬರಿಗೆ ಮುಗಿಯುವುದಿತ್ತು. ಮುಂದೇನೆಂದು ಗೊತ್ತಿಲ್ಲವೆಂದು ಆ ಜುಲೈಯಲ್ಲಿ ಲೀಗನ್ನೇ ತಡೆಹಿಡಿದರು. ಆಗಸ್ಟಿನಲ್ಲಿ ಬೆಂಗಳೂರು ತಂಡ ತನ್ನ ಮುಖ್ಯ ತಂಡದ ಆಟಗಾರರ ಮತ್ತು ಸಿಬ್ಬಂದಿಯ ಸಂಬಳವನ್ನು ಅನಿರ್ದಿಷ್ಟ ಕಾಲ ನಿಲ್ಲಿಸಿರುವುದಾಗಿ ಪ್ರಕಟಿಸಿತು. ಫೆಡರೇಶನ್ನು ಹೊಸ ಟೆಂಡರು ಕರೆದರೆ ಒಬ್ಬನೂ ಮುಂದೆ ಬರಲಿಲ್ಲ. ಆ ವರ್ಷ ಮುಗಿಯುವವರೆಗೂ ಹೊಸ ಸಾಲಿನ ಆಟ ಮೊದಲಾಗಲೇ ಇಲ್ಲ.

ಈ ಹದಿನೈದು ವರ್ಷವೂ "ಸ್ಥಿರವಾದ ಬೆಳವಣಿಗೆ" ಎಂಬ ಜಪ ನಡೆದಿತ್ತು. ಸಂಬಳದ ಮೇಲ್ಮಿತಿ ಇತ್ತು. ಸಂಬಳ ತಿಂಗಳಿಗೆ ಸರಿಯಾಗಿ ಕೈಸೇರುವುದೆಂಬ ಖಾತ್ರಿ ಮಾತ್ರ ಇರಲಿಲ್ಲ. ಹಿಂದೆ ಬೆಂಗಳೂರಿನ ಎಚ್‌ಎಎಲ್, ಐಟಿಐ ಕಾರ್ಖಾನೆಗಳ ತಂಡದಲ್ಲಿ ಆಡುವವನಿಗೆ ಕಾರ್ಖಾನೆಯಲ್ಲಿ ನೌಕರಿ ಇರುತ್ತಿತ್ತು. ಮೊಣಕಾಲು ಮುರಿದರೆ ಆಟ ನಿಲ್ಲುತ್ತಿತ್ತು, ಅನ್ನ ನಿಲ್ಲುತ್ತಿರಲಿಲ್ಲ. ಹೊಸ ಲೀಗಿನ ಆಟಗಾರ ಮಿಲ್ಲಿನ ಬದಲಿ ಕಾಮಗಾರನಿದ್ದಂತೆ: ಗೇಟು ತೆರೆದರೆ ಹಾಜರಿ, ಇಲ್ಲದಿದ್ದರೆ ಮನೆದಾರಿ.

ಒಂದು ಆಕ್ಷೇಪಕ್ಕೆ ಉತ್ತರ ಹೇಳಲೇಬೇಕು. "ಲಕ್ಷ ಲಕ್ಷ ಎಣಿಸುವ ಆಟಗಾರರಿಗಾಗಿ ತಟ್ಟೆ ತೊಳೆಯುವ ಹುಡುಗ ಏಕೆ ಅಳಬೇಕು?" ಅಳಬೇಕೆಂದು ನಾವು ಹೇಳುತ್ತಿಲ್ಲ. ಲಕ್ಷ ಎಣಿಸುವವರು ಬೆರಳೆಣಿಕೆಯ ಜನ. ಸಂಬಳ ನಿಂತಾಗ ನಿಂತದ್ದು ಅವರದೊಂದೇ ಅಲ್ಲ. ಕಾಲು ತಿಕ್ಕುವವನು, ಸಾಮಾನು ಹೊರುವವನು, ಬಸ್ಸು ನಡೆಸುವವನು, ಎಳೆಯರಿಗೆ ಕಲಿಸುವ ಮೇಷ್ಟ್ರು, ಹುಲ್ಲು ಕತ್ತರಿಸುವವನು, ಆಟಗಾರರಿಗೆ ಅಡಿಗೆ ಮಾಡುವವನು, ಹೀಗೆ ಎಷ್ಟೋ ಜನ ಒಂದು ತಂಡವನ್ನು ನಂಬಿ ಬದುಕುತ್ತಾರೆ. ಮೇಲಾಗಿ ಆಟಗಾರನ ದುಡಿಮೆಯ ಆಯುಷ್ಯ ಹದಿಮೂರು ಹದಿನಾಲ್ಕು ವರ್ಷ. ಮೂವತ್ತೈದಕ್ಕೆ ಅವನ ಕೆಲಸ ಮುಗಿಯಿತು. ಆಮೇಲೆ ಮೂವತ್ತು ವರ್ಷ ಹೊಟ್ಟೆ ಹೊರೆಯಬೇಕು. ಮೇಲಿನವನ ಸಂಬಳ ಕಂಡು ಹೊಟ್ಟೆಕಿಚ್ಚುಪಟ್ಟು ನಾವು ಮಿತಿಗೆ ಕೈಯೆತ್ತಿದರೆ, ನಾಳೆ ಅದೇ ಕೈಯನ್ನು ನಮ್ಮ ಕುತ್ತಿಗೆಗೆ ಹಿಡಿಯುತ್ತಾರೆ. "ಫುಟ್‌ಬಾಲಿನವರೇ ಒಪ್ಪಿದರು, ನೀನು ಯಾವ ದೊಡ್ಡ ಮನುಷ್ಯ?" ಎಂದು ಕೇಳುತ್ತಾರೆ.

ಹಾಗಾದರೆ ಸಂಬಳಕ್ಕೆ ಮಿತಿಯೇ ಬೇಡವೇ? ನಾವು ಹಟಮಾರಿಗಳಲ್ಲ. ಅಂಗಡಿ ಮುಳುಗಿದರೆ ಕೆಲಸವೂ ಮುಳುಗುತ್ತದೆಂಬುದು ಮಾಲೀಕನಿಗಿಂತ ಮೊದಲು ಕೆಲಸಗಾರನಿಗೆ ತಟ್ಟುತ್ತದೆ. ಹೊಸ ಲೀಗಿನಲ್ಲಿ ಒಬ್ಬ ಧನಿಕ ದುಡ್ಡು ಚೆಲ್ಲಿ ಉಳಿದ ತಂಡಗಳನ್ನು ಬೀಳಿಸದಂತೆ ಖರ್ಚಿಗೊಂದು ಮೇರೆ ಬೇಕೆಂದರೆ ಕೂತು ಮಾತಾಡಬಹುದು. ಆದರೆ ನಾಲ್ಕು ಷರತ್ತುಗಳಿವೆ.

ಮೊದಲನೆಯದು, ಮಿತಿಯನ್ನು ಆಟಗಾರರ ಸಂಘದೊಡನೆ ಮೇಜಿನ ಎದುರು ಕೂತು ಗೊತ್ತುಮಾಡಬೇಕು. ಅದಕ್ಕೆ ಅವಧಿ ಬರೆದಿರಬೇಕು, ಅವಧಿ ಮುಗಿದ ದಿನ ಮತ್ತೆ ಕೂರಬೇಕು. ನಮ್ಮ ದೇಶದಲ್ಲಿ 2006ರಲ್ಲಿಯೇ ಆಟಗಾರರ ಸಂಘ ಹುಟ್ಟಿದೆ. ಲೀಗಿನವರು ಅದನ್ನು ಕರೆದು ಕೂರಿಸಿಕೊಂಡು ಒಪ್ಪಂದ ಬರೆಯಲಿ.

ಎರಡನೆಯದು, ಲೆಕ್ಕದ ಪುಸ್ತಕ ತೆರೆಯಬೇಕು. ಗೇಟಿನ ದುಡ್ಡು, ಟೆಲಿವಿಷನ್ನಿನ ದುಡ್ಡು, ಹೊಸ ತಂಡಗಳ ಪ್ರವೇಶಧನ, ತಂಡ ಮಾರಿದರೆ ಬಂದ ಲಾಭ, ಎಲ್ಲವೂ ಅದರಲ್ಲಿ ಕಾಣಬೇಕು. ನಷ್ಟದ ಪುಟ ಮಾತ್ರ ಓದಿ ಹೇಳಿದರೆ ನಾವು ಕೇಳೆವು.

ಮೂರನೆಯದು, ಮೇಲೆ ಮಾಡು ಕಟ್ಟುವವರು ಕೆಳಗೆ ನೆಲವನ್ನೂ ಗಟ್ಟಿ ಮಾಡಬೇಕು. ಮೇಲ್ಮಿತಿ ಇದ್ದಲ್ಲಿ ಕನಿಷ್ಠ ಸಂಬಳವೂ ಇರಬೇಕು, ಲೀಗಿನ ಆದಾಯ ಏರಿದಂತೆ ಎರಡೂ ಏರಬೇಕು. ಸಿಬ್ಬಂದಿಗೂ ಈ ಕನಿಷ್ಠ ಅನ್ವಯಿಸಬೇಕು.

ನಾಲ್ಕನೆಯದು ಎಲ್ಲಕ್ಕಿಂತ ಮುಖ್ಯ. ಆಟ ಮೊದಲಾಗುವ ಮುಂಚೆ ಪ್ರತಿಯೊಂದು ತಂಡವೂ ಆ ಸಾಲಿನ ಇಡೀ ಸಂಬಳದ ಮೊತ್ತವನ್ನು ಬ್ಯಾಂಕಿನಲ್ಲಿ ಠೇವಣಿ ಇಡಬೇಕು. ಲೀಗು ನಿಂತರೂ, ಮಾಲೀಕ ಊರು ಬಿಟ್ಟರೂ, ದುಡಿದವನ ಸಂಬಳ ನಿಲ್ಲಬಾರದು. ಇಷ್ಟು ಠೇವಣಿ ಇಡುವ ಶಕ್ತಿಯಿಲ್ಲದವನಿಗೆ ತಂಡ ಕೊಡಲೇಬಾರದು. ತಂಡಗಳ ಸಂಖ್ಯೆ ಕಡಮೆಯಾದರೆ ಆಗಲಿ. ಹತ್ತು ಗಟ್ಟಿ ತಂಡಗಳಿರುವ ಲೀಗು ಹದಿನಾಲ್ಕು ಟೊಳ್ಳು ತಂಡಗಳ ಲೀಗಿಗಿಂತ ಹೆಚ್ಚು ಕಾಲ ಬಾಳುತ್ತದೆ.

ಈ ನಾಲ್ಕನ್ನೂ ಒಪ್ಪದೆ "ಎಳೆಯ ಲೀಗು, ಸ್ವಲ್ಪ ತಾಳಿ" ಎನ್ನುವವರು ಬೆಳವಣಿಗೆಯ ಮಾತನ್ನು ಬಾಯಲ್ಲಿ ಆಡುತ್ತಾರೆ, ಕೈ ಮಾತ್ರ ಗಲ್ಲಾದಲ್ಲಿರುತ್ತದೆ. ಭಾನುವಾರ ಮೈದಾನಕ್ಕೆ ಹೋಗುವ, ರಾತ್ರಿ ಕೆಲಸ ಮುಗಿಸಿ ಕೋಣೆಯಲ್ಲಿ ಆಟ ನೋಡುವ ನಮ್ಮ ಹುಡುಗರಿಗೆ ನಮ್ಮ ಮನವಿ ಇಷ್ಟೇ: ತಂಡಕ್ಕೆ ಜಯಕಾರ ಹಾಕಿ, ಬೇಡವೆನ್ನುವುದಿಲ್ಲ. ಸಂಬಳದ ಮಿತಿಯ ಮಾತು ಬಂದಾಗ ಮಾತ್ರ ತಲೆದೂಗುವ ಮುಂಚೆ "ನಿಮ್ಮ ಲಾಭದ ಮಿತಿ ಎಷ್ಟು, ಅದನ್ನು ಬರೆದಿಟ್ಟಿರುವುದು ಯಾವ ಪುಸ್ತಕದಲ್ಲಿ?" ಎಂದು ಕೇಳಿ. ನಮ್ಮ ಹೋಟೆಲುಗಳಲ್ಲಿ ತುಟ್ಟಿಭತ್ಯದ ಮಾತು ಎತ್ತಿದಾಗಲೂ ನಾವು ಇದೇ ಪ್ರಶ್ನೆಯನ್ನು ಕೇಳುತ್ತೇವೆ, ಉತ್ತರ ಬರುವವರೆಗೂ ಕೇಳುತ್ತಲೇ ಇರುತ್ತೇವೆ.